ಐದು ಊರು, ಒಬ್ಬರೇ ಪಾಸ್ಟರ್: ನಮ್ಮ ಹಳ್ಳಿ ಸಭೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗದಗ-ಬೆಟಗೇರಿ ಸೀಮೆಯ ಎರೆ ನೆಲದಲ್ಲಿ ನಮ್ಮ ಐದು ಹಳ್ಳಿಗಳಿವೆ. ಪ್ರತಿ ಊರಿಗೂ ಒಂದು ಪುಟ್ಟ ದೇವಾಲಯ, ಅಂದರೆ ಚರ್ಚು, ಐದಕ್ಕೂ ಸೇರಿ ಒಬ್ಬರೇ ಸಭಾಪಾಲಕರು, ಅಂದರೆ ಪಾಸ್ಟರ್. ನಾನು ಈ ಐದು ಕ್ರೈಸ್ತ ಸಭೆಗಳ ಕಾರ್ಯದರ್ಶಿ. ಮದುವೆಯಾಗಿ ಬಂದ ಸೊಸೆಯಂದಿರು, ದುಡಿಯಲು ಗೋವಾ, ಬೆಂಗಳೂರಿಗೆ ಹೋಗಿ ಹಬ್ಬಕ್ಕೆ ಮರಳುವವರು, ಪಕ್ಕದ ಮನೆಯ ಹಿಂದೂ, ಮುಸ್ಲಿಂ ಗೆಳೆಯರು, ಶಾಲೆಗೆ ಹೊಸದಾಗಿ ವರ್ಗವಾಗಿ ಬಂದ ಮಾಸ್ತರು, ಇವರೆಲ್ಲ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವಕ್ಕೆ ಒಂದೇ ಕಡೆ ಉತ್ತರ ಇರಲಿ ಎಂದು ಬರೆದಿದ್ದೇನೆ.

ಐದು ಊರಿಗೆ ಒಬ್ಬರೇ ಪಾಸ್ಟರ್ ಅಂದಮೇಲೆ ಪ್ರತಿ ಭಾನುವಾರ ಆರಾಧನೆ ನಡೆಯುತ್ತದೆಯೇ?

ನಡೆಯುತ್ತದೆ. ಐದೂ ಊರಲ್ಲಿ, ಒಂದು ಭಾನುವಾರವೂ ತಪ್ಪದೆ.

ಪಾಸ್ಟರ್ ಒಂದು ಭಾನುವಾರಕ್ಕೆ ಎರಡು ಊರು ಮುಗಿಸುತ್ತಾರೆ. ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನದ ಹೊತ್ತಿಗೆ ಇನ್ನೊಂದು ಕಡೆ, ನಡುವೆ ಬೈಕಿನ ದಾರಿ. ಹಾಗಾಗಿ ಯಾವ ಊರಿಗೂ ಅವರು ತಿಂಗಳಲ್ಲಿ ಒಂದೆರಡು ಸಲಕ್ಕಿಂತ ಹೆಚ್ಚು ಸಿಗುವುದಿಲ್ಲ. ಉಳಿದ ಭಾನುವಾರ ಸಭಾ ಹಿರಿಯರು, ಓದು ಬರಹ ಬಲ್ಲ ಹೆಣ್ಣುಮಕ್ಕಳು, ಕೆಲವೊಮ್ಮೆ ಕಾಲೇಜಿಗೆ ಹೋಗುವ ಹುಡುಗರು ಆರಾಧನೆ ನಡೆಸುತ್ತಾರೆ. ಆ ಭಾನುವಾರಗಳನ್ನು ಯಾರೋ ಒಬ್ಬರು ನನ್ನೆದುರು "ಖಾಲಿ ಭಾನುವಾರ" ಅಂದರು. ಆ ಮಾತು ಇನ್ನೂ ಚುಚ್ಚುತ್ತದೆ. ನಮ್ಮ ಸಭೆಗಳು ಇಷ್ಟು ತಲೆಮಾರು ಉಳಿದಿರುವುದೇ ಆ ಭಾನುವಾರಗಳಿಂದ.

ನಮ್ಮಲ್ಲಿ ಅತಿ ಚಿಕ್ಕ ಸಭೆ ಏಳು ಮನೆಯದ್ದು. ಒಂದು ಮಳೆಗಾಲದಲ್ಲಿ ಹಳ್ಳ ತುಂಬಿ ದಾರಿ ಬಂದ್ ಆಯಿತು. ಆರಾಧನೆ ನಡೆಸಬೇಕಿದ್ದ ಹಿರಿಯರು ಆಚೆ ದಡದಲ್ಲಿ ಉಳಿದರು. ನಾನು ಹಿಂದಿನ ಸಂಜೆಯೇ ಆ ಊರಿಗೆ ಹೋಗಿದ್ದೆ. ದೇವಾಲಯದಲ್ಲಿ ನಾವು ಐದೇ ಜನ, ಹೊರಗೆ ತಗಡಿನ ಮೇಲೆ ಮಳೆಯ ಸದ್ದು. ಯಾರು ಶುರು ಮಾಡಬೇಕು ಎಂದು ನಾವು ಮುಖ ಮುಖ ನೋಡುತ್ತಿರುವಾಗ ಮೂಲೆಯಲ್ಲಿ ಕೂತಿದ್ದ ಆಯಿ ಒಬ್ಬರು ಸೆರಗು ತಲೆಮೇಲೆ ಎಳೆದುಕೊಂಡು ಎದ್ದು ನಿಂತರು. ಅವರಿಗೆ ಒಂದಕ್ಷರ ಓದಲು ಬರದು. ಕಣ್ಣು ಮುಚ್ಚಿ ಬೈಬಲಿನ 23ನೆಯ ಕೀರ್ತನೆಯನ್ನು ಒಂದು ಪದ ಬಿಡದೆ ಹೇಳಿದರು. ಆಮೇಲೆ ಊರಿನ ಪ್ರತಿ ಮನೆಯ ಹೆಸರು ಹಿಡಿದು, ಜ್ವರದಲ್ಲಿದ್ದ ಎತ್ತನ್ನೂ ಬಿಡದೆ, ಪ್ರಾರ್ಥನೆ ಮಾಡಿದರು. ಹಳ್ಳದ ಆಚೆ ನಿಂತ ಹಿರಿಯರ ಹೆಸರೂ ಬಂತು. ಅಂಥ ಆರಾಧನೆ ನಾನು ದೊಡ್ಡ ಊರಿನ ದೊಡ್ಡ ಚರ್ಚಿನಲ್ಲೂ ಕಂಡಿಲ್ಲ.

ಎಷ್ಟು ಹೊತ್ತಿಗೆ ಬರಬೇಕು?

ಮೊದಲ ಗಂಟೆ ಬಾರಿಸುವುದು ಆರಾಧನೆಗೆ ಅರ್ಧ ತಾಸು ಮುಂಚೆ, ಎರಡನೆಯದು ಶುರುವಾಗುವಾಗ. ಪಾಸ್ಟರ್ ಮೊದಲು ಹೋಗುವ ಊರಲ್ಲಿ ಆರಾಧನೆ ಎಂಟಕ್ಕೆ, ಉಳಿದ ಕಡೆ ಹತ್ತೂವರೆ ಸುಮಾರಿಗೆ. ಬಿತ್ತನೆ, ಕೊಯ್ಲಿನ ದಿನಗಳಲ್ಲಿ ಏಳಕ್ಕೇ ಮುಗಿಸಿ ಹೊಲಕ್ಕೆ ಹೋಗುವುದುಂಟು. ಹದ ಬಂದ ನೆಲ ಕಾಯುವುದಿಲ್ಲ. ಅದನ್ನು ಯಾರೂ ತಪ್ಪೆಂದು ಎಣಿಸುವುದಿಲ್ಲ.

ಒಳಗೆ ಹೇಗಿರಬೇಕು? ಚಪ್ಪಲಿ, ಬಟ್ಟೆ, ಕೂರುವ ಜಾಗ?

ಚಪ್ಪಲಿ ಹೊರಗೆ. ಮೂರು ಊರಲ್ಲಿ ಜಮಖಾನೆ ಮೇಲೆ ಕೂರುತ್ತೇವೆ, ಎರಡು ಕಡೆ ಬೆಂಚುಗಳಿವೆ. ಹೆಣ್ಣುಮಕ್ಕಳು ಒಂದು ಕಡೆ, ಗಂಡಸರು ಒಂದು ಕಡೆ ಕೂರುವುದು ಹಿಂದಿನಿಂದ ಬಂದ ರೂಢಿ. ಕಾನೂನಲ್ಲ. ಹೊಸದಾಗಿ ಮದುವೆಯಾದವರು ಒಟ್ಟಿಗೆ ಕೂತರೆ ಯಾರೂ ಎಬ್ಬಿಸುವುದಿಲ್ಲ. ಪ್ರಾರ್ಥನೆಯಲ್ಲಿ ಹೆಣ್ಣುಮಕ್ಕಳು ತಲೆ ಮೇಲೆ ಸೆರಗು ಹಾಕಿಕೊಳ್ಳುತ್ತಾರೆ. ಮಂಡಿ ನೋವಿನವರಿಗೆ ಗೋಡೆ ಬದಿಯಲ್ಲಿ ಕುರ್ಚಿ ಇಟ್ಟಿದ್ದೇವೆ, ಕೇಳುವುದಕ್ಕೆ ಸಂಕೋಚ ಬೇಡ.

ನಾನು ಕ್ರೈಸ್ತನಲ್ಲ. ಬಂದು ಕೂರಬಹುದೇ?

ಧಾರಾಳವಾಗಿ. ಬಾಗಿಲಲ್ಲಿ ನಿಂತು ಯಾರ ಹೆಸರನ್ನೂ ಕೇಳುವುದಿಲ್ಲ. ಬಂದವರಿಗೆ ಹಾಡಿನ ಪುಸ್ತಕ ಕೊಡುತ್ತೇವೆ, ಕೊನೆಗೆ ಚಹಾ ಕೊಡುತ್ತೇವೆ. ಹೆಸರು ಬರೆಸಿಕೊಳ್ಳುವುದಾಗಲೀ ಮನೆಗೆ ಬಂದು ಒತ್ತಾಯಿಸುವುದಾಗಲೀ ಇಲ್ಲ. ಮಕ್ಕಳಿಗೆ ಜ್ವರ ಬಂದಾಗ, ಪರೀಕ್ಷೆ ಹತ್ತಿರ ಬಂದಾಗ ನೆರೆಯವರು ಪ್ರಾರ್ಥನೆ ಮಾಡಿಸಲು ಬರುತ್ತಾರೆ. ಮಾಡಿ ಕಳಿಸುತ್ತೇವೆ, ಜೊತೆಗೆ ದವಾಖಾನೆಗೂ ಹೋಗಿ ಎಂದು ಹೇಳುತ್ತೇವೆ.

ಆರಾಧನೆಯ ಕ್ರಮ ಹೇಗಿರುತ್ತದೆ?

ನಮ್ಮದು ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ. ಮುದ್ರಿತ ಕ್ರಮ ಇದೆ. ಹಾಡು, ಪಾಪ ಅರಿಕೆ, ಬೈಬಲ್ ಪಾಠಗಳು, ಪ್ರಸಂಗ, ವಿಶ್ವಾಸ ಪ್ರಮಾಣ, ವಿಜ್ಞಾಪನೆ, ಕಾಣಿಕೆ, ಆಶೀರ್ವಾದ. ಪುಸ್ತಕ ನೋಡಿಕೊಂಡು ಹೋದರೆ ಎಲ್ಲಿಯೂ ದಾರಿ ತಪ್ಪುವುದಿಲ್ಲ.

ಹೊಸಬರು ಗಲಿಬಿಲಿಯಾಗುವುದು "ಸಮಾಧಾನ" ಕೊಡುವಾಗ. ಪಾಸ್ಟರ್ ಎರಡೂ ಕೈ ಜೋಡಿಸಿ ಮುಂದೆ ಚಾಚುತ್ತಾರೆ, ಹಿರಿಯರು ಆ ಕೈಗಳನ್ನು ತಮ್ಮ ಎರಡು ಅಂಗೈಗಳ ನಡುವೆ ಹಿಡಿಯುತ್ತಾರೆ. ಹಾಗೇ ಒಬ್ಬರಿಂದ ಒಬ್ಬರಿಗೆ, ಸಾಲಿನಿಂದ ಸಾಲಿಗೆ ಸಾಗುತ್ತದೆ. ಇದು ಕೇರಳದ ಸುರಿಯಾನಿ ಸಭೆಗಳ ಹಳೆಯ ಪದ್ಧತಿ. 1950ರಲ್ಲಿ ಸಿಎಸ್‌ಐ ತನ್ನ ಆರಾಧನಾ ಕ್ರಮ ರೂಪಿಸಿದಾಗ ಅದನ್ನು ತೆಗೆದುಕೊಂಡಿತು. ನಮ್ಮೂರಲ್ಲಿ ಇದಕ್ಕೆ ಇನ್ನೊಂದು ತೂಕ ಇದೆ. ವಾರವಿಡೀ ಬದುವಿನ ಜಗಳ ಆಡಿದವರು ಒಂದೇ ಜಮಖಾನೆ ಮೇಲೆ ಕೂತಿರುತ್ತಾರೆ. ಸಮಾಧಾನ ಅವರ ಹತ್ತಿರ ಬಂದಾಗ ಇಡೀ ಸಭೆಗೆ ಗೊತ್ತಾಗುತ್ತದೆ. ಅಣ್ಣತಮ್ಮ ಇಬ್ಬರು ಆರು ತಿಂಗಳು ಆ ಹೊತ್ತಿಗೆ ಸರಿಯಾಗಿ ಎದ್ದು ಹೊರಗೆ ಹೋಗುತ್ತಿದ್ದರು. ಏಳನೆಯ ತಿಂಗಳು ತಮ್ಮ ಕೂತೇ ಇದ್ದ. ಅಣ್ಣ ಬಾಗಿಲವರೆಗೆ ಹೋಗಿ ಹಿಂದಿರುಗಿ ನೋಡಿದ, ಬಂದು ಕೈ ಚಾಚಿದ. ಅಂದು ಪ್ರಸಂಗ ಏನಿತ್ತು ಎಂದು ಯಾರಿಗೂ ನೆನಪಿಲ್ಲ.

ಕರ್ತನ ಭೋಜನ ಯಾವಾಗ? ಯಾರು ತೆಗೆದುಕೊಳ್ಳಬಹುದು?

ಯೇಸುವಿನ ಕೊನೆಯ ಊಟದ ನೆನಪಿಗೆ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಸಂಸ್ಕಾರ ಇದು. ಅದನ್ನು ನೆರವೇರಿಸುವ ಅಧಿಕಾರ ದೀಕ್ಷೆ ಪಡೆದ ಸಭಾಪಾಲಕರಿಗೆ ಮತ್ತು ಬಿಷಪರಿಗೆ ಮಾತ್ರ. ಹಾಗಾಗಿ ಪಾಸ್ಟರ್ ಬರುವ ಭಾನುವಾರಕ್ಕೇ, ಊರಿಗೆ ತಿಂಗಳಿಗೊಮ್ಮೆ. ದೀಕ್ಷಾಸ್ನಾನವಾಗಿ (ಬ್ಯಾಪ್ಟಿಸಂ), ಆಮೇಲೆ ತಮ್ಮ ವಿಶ್ವಾಸವನ್ನು ತಾವೇ ಒಪ್ಪಿಕೊಳ್ಳುವ ದೃಢೀಕರಣ ಹೊಂದಿದವರು ತೆಗೆದುಕೊಳ್ಳುತ್ತಾರೆ. ಬೇರೆ ಸಭೆಯಿಂದ ಬಂದವರು ಪಾಸ್ಟರಿಗೆ ಮೊದಲೇ ಒಂದು ಮಾತು ಹೇಳಿದರೆ ಸಾಕು. ತೆಗೆದುಕೊಳ್ಳದವರೂ ಮುಂದೆ ಬಂದು ತಲೆ ಬಾಗಿದರೆ ಆಶೀರ್ವಾದ ಸಿಗುತ್ತದೆ.

ದ್ರಾಕ್ಷಾರಸ ನಾವೇ ಮಾಡುವುದು. ಶನಿವಾರ ರಾತ್ರಿ ಒಣದ್ರಾಕ್ಷಿ ನೆನೆಹಾಕಿ, ಬೆಳಿಗ್ಗೆ ಕಿವುಚಿ ಸೋಸುತ್ತೇವೆ. ಈ ಕೆಲಸ ಮನೆಯಿಂದ ಮನೆಗೆ ಸರದಿಯಲ್ಲಿ ಹೋಗುತ್ತದೆ. ಸರದಿ ಬಂದ ಮನೆಯಲ್ಲಿ ಶನಿವಾರ ದೊಡ್ಡ ದನಿಯ ಮಾತಿರುವುದಿಲ್ಲ. ನನ್ನ ಅವ್ವ ಅಂದು ಹಿತ್ತಾಳೆ ಪಾತ್ರೆಯನ್ನು ಹುಣಸೆಹಣ್ಣು ಹಚ್ಚಿ ಮೂರು ಸಲ ತಿಕ್ಕುತ್ತಿದ್ದಳು, ನಮ್ಮನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಹಾಸಿಗೆ ಹಿಡಿದವರಿಗೆ ಮನೆಗೇ ಬಂದು ಕೊಡುತ್ತಾರೆ. ಹೆಸರು ಕಳಿಸಿ.

ಹಾಡುಗಳು ಎಂಥವು? ವಾದ್ಯ ಬಾರಿಸಬಲ್ಲವರಿಗೆ ಅವಕಾಶ ಇದೆಯೇ?

ಎರಡು ಬಗೆ. ಒಂದು, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ತಂದ ಜರ್ಮನ್ ಧಾಟಿಯ ಸಂಗೀತಗಳು. ಎಳೆದು ನಿಧಾನವಾಗಿ ಹಾಡುವಂಥವು. ಇನ್ನೊಂದು, ನಮ್ಮ ರಾಗ ತಾಳದ ಕೀರ್ತನೆಗಳು ಮತ್ತು ಭಜನೆಗಳು. ಸಾವಿನ ಮನೆಯಲ್ಲಿ, ಶುಭ ಶುಕ್ರವಾರ, ಹಳೆಯ ಧಾಟಿಗಳೇ ಬೇಕು. ಹಬ್ಬಕ್ಕೆ, ಮನೆಪ್ರಾರ್ಥನೆಗೆ ಹಾರ್ಮೋನಿಯಂ, ತಬಲಾ, ತಾಳ.

"ಕ್ರೈಸ್ತರ ಹಾಡಿಗೆ ಕನ್ನಡದ ಜೀವ ಇಲ್ಲ" ಎನ್ನುವವರಿಗೆ ಒಂದು ಮಾತು. 1894ರ ಕನ್ನಡ ನಿಘಂಟಿನ ಫರ್ಡಿನಂಡ್ ಕಿಟೆಲ್ ಅದಕ್ಕೂ ಬಹಳ ಮುಂಚೆ, 1862ರಲ್ಲಿ, ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿನಲ್ಲೇ ಕಟ್ಟಿ ಪ್ರಕಟಿಸಿದ್ದರು. ಈ ನೆಲದ ಮಟ್ಟುಗಳಲ್ಲಿ ದೇವರನ್ನು ಹಾಡುವುದು ನಿನ್ನೆ ಮೊನ್ನೆಯ ಪ್ರಯೋಗವಲ್ಲ. ಈಗ ಹುಡುಗರು ಕೀಬೋರ್ಡ್ ತಂದಿದ್ದಾರೆ, ಬಟನ್ ಒತ್ತಿದರೆ ತಾಳ ಬರುತ್ತದೆ. ನನ್ನ ಅಭಿಪ್ರಾಯ ಕೇಳಿದರೆ, ತಬಲಾ ಬಲ್ಲ ಒಬ್ಬ ಹುಡುಗ ಆ ಪೆಟ್ಟಿಗೆಗಿಂತ ಮೇಲು. ಕಲಿಯುವವರಿದ್ದರೆ ಶನಿವಾರ ಸಂಜೆ ಬನ್ನಿ, ಎರಡು ಊರಲ್ಲಿ ಕಲಿಸುವ ಹಿರಿಯರು ಇನ್ನೂ ಇದ್ದಾರೆ.

ಈ ಸಭೆಗಳು ಎಷ್ಟು ಹಳೆಯವು?

ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ. ಹಳ್ಳಿಗಳ ಕಡೆ ಹರಡಿದ್ದು ಆಮೇಲೆ, ಅದೂ ಬಿಳಿಯರಿಗಿಂತ ಹೆಚ್ಚಾಗಿ ಕಾಲ್ನಡಿಗೆಯಲ್ಲಿ ತಿರುಗಿದ ಕನ್ನಡದ ಉಪದೇಶಿಗಳಿಂದ. 1876-78ರ ಭೀಕರ ಬರದಲ್ಲಿ ತಬ್ಬಲಿಯಾದ ಎಷ್ಟೋ ಮಕ್ಕಳು ಮಿಷನ್ನಿನ ಅನಾಥಾಲಯಗಳಲ್ಲಿ ಬೆಳೆದರು. ನಮ್ಮ ಕೆಲವು ಮನೆತನಗಳ ನೆನಪು ಅಲ್ಲಿಂದಲೇ ಶುರು, ಅದರ ಹಿಂದಿನ ಊರು, ಹೆಸರು ಗೊತ್ತಿಲ್ಲ. 1914ರಲ್ಲಿ ಮೊದಲ ಮಹಾಯುದ್ಧ ಶುರುವಾದ ಮೇಲೆ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರ್ಕಾರ ಬಂಧಿಸಿ ವಾಪಸು ಕಳಿಸಿತು. ಹಳ್ಳಿ ಸಭೆಗಳು ಪಾದ್ರಿಗಳಿಲ್ಲದೆ ತಮ್ಮ ಕಾಲ ಮೇಲೆ ನಿಲ್ಲುವುದನ್ನು ಕಲಿತದ್ದು ಆಗಲೇ.

ಸಿಎಸ್‌ಐ ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು, ಮದ್ರಾಸಿನಲ್ಲಿ, ಆಂಗ್ಲಿಕನ್, ಮೆಥಡಿಸ್ಟ್, ಮತ್ತು ಅದಾಗಲೇ ಒಂದಾಗಿದ್ದ ಕಾಂಗ್ರಿಗೇಶನಲ್, ಪ್ರೆಸ್ಬಿಟೀರಿಯನ್ ಸಭೆಗಳು ಸೇರಿ. ನಮ್ಮ ಸೀಮೆಯ ಬಾಸೆಲ್ ಮಿಷನ್ ಸಭೆಗಳು ಅದರೊಳಗೆ ಬಂದದ್ದು ಆಮೇಲೆ. ಈಗ ನಾವು ಧಾರವಾಡ ಕೇಂದ್ರವಾಗಿರುವ ಉತ್ತರ ಕರ್ನಾಟಕ ಧರ್ಮಪ್ರಾಂತಕ್ಕೆ ಸೇರಿದವರು.

ಮಹಿಳೆಯರು ಪಾಸ್ಟರ್ ಆಗಬಹುದೇ?

ಆಗಬಹುದು. ಸಿಎಸ್‌ಐನಲ್ಲಿ 1976ರಿಂದಲೇ ಮಹಿಳೆಯರಿಗೆ ದೀಕ್ಷೆ ಕೊಡುತ್ತಿದ್ದಾರೆ, 2013ರಲ್ಲಿ ನಂದ್ಯಾಲದಲ್ಲಿ ಮಹಿಳಾ ಬಿಷಪರೂ ಬಂದರು. ಪಾಸ್ಟರ್ ಆಗಬಯಸುವ ಹುಡುಗಿಯರು, ಹುಡುಗರು ಮಂಗಳೂರಿನ ಬಲ್ಮಠದಲ್ಲಿರುವ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಬಗ್ಗೆ ಕೇಳಲು ನನ್ನನ್ನು ಕಾಣಿ. ನಮ್ಮ ಐದೂರಿನಿಂದ ಒಬ್ಬ ಹೆಣ್ಣುಮಗಳು ಅಲ್ಲಿಗೆ ಹೋಗಬೇಕು ಎಂಬುದು ನನ್ನ ಬಹುದಿನದ ಆಸೆ.

ದೀಕ್ಷಾಸ್ನಾನಕ್ಕೆ, ದೃಢೀಕರಣಕ್ಕೆ ಏನು ಮಾಡಬೇಕು?

ಮಗುವಿನ ದೀಕ್ಷಾಸ್ನಾನಕ್ಕೆ ಒಂದು ತಿಂಗಳು ಮುಂಚೆ ತಿಳಿಸಿ, ಜನನ ಪ್ರಮಾಣಪತ್ರದ ಪ್ರತಿ ತನ್ನಿ. ಹೆಸರು ಎರಡೂ ಕಡೆ ಒಂದೇ ಇರಲಿ. ಮನೆಯಲ್ಲಿ ಒಂದು, ದೇವಾಲಯದ ರಿಜಿಸ್ಟರಿನಲ್ಲಿ ಒಂದು, ಆಧಾರಿನಲ್ಲಿ ಮತ್ತೊಂದು ಆದರೆ ಮುಂದೆ ಪಾಸ್‌ಪೋರ್ಟಿಗೆ ಹೋದಾಗ ತೊಂದರೆ. ದೃಢೀಕರಣದ ತರಗತಿಗಳು ಬೇಸಿಗೆ ರಜೆಯಲ್ಲಿ, ಐದೂ ಊರಿನ ಮಕ್ಕಳಿಗೆ ಒಟ್ಟಿಗೆ. ಬಿಷಪರು ಬಂದು ಹಸ್ತವಿಟ್ಟು ಪ್ರಾರ್ಥಿಸುವ ದಿನ ಮುಂಚೆಯೇ ತಿಳಿಸುತ್ತೇವೆ.

ಮದುವೆಯ ನಿಯಮಗಳೇನು?

ಹುಡುಗನಿಗೆ 21, ಹುಡುಗಿಗೆ 18 ತುಂಬಿರಲೇಬೇಕು. ಈ ವಿಷಯದಲ್ಲಿ ಯಾರ ಶಿಫಾರಸೂ ನಡೆಯುವುದಿಲ್ಲ, ದಯವಿಟ್ಟು ತರಬೇಡಿ. ಎರಡೂ ಕಡೆಯ ಸಭೆಗಳಲ್ಲಿ ಮೂರು ಭಾನುವಾರ ಪ್ರಕಟಣೆ ಆಗಬೇಕು. 1872ರ ಕ್ರೈಸ್ತ ವಿವಾಹ ಕಾಯ್ದೆಯಂತೆ ಮದುವೆ ಬೆಳಿಗ್ಗೆ ಆರರಿಂದ ಸಂಜೆ ಏಳರೊಳಗೆ ನಡೆಯಬೇಕು. ದಿಬ್ಬಣ ತಡವಾಗಿ ಬಂದು ಹೊತ್ತು ಮೀರಿದರೆ ಪಾಸ್ಟರ್ ಇಲ್ಲ ಅನ್ನುವುದು ಹಟದಿಂದಲ್ಲ. ಉಂಗುರದ ಜೊತೆ ತಾಳಿ ಕಟ್ಟುವ ರೂಢಿ ನಮ್ಮಲ್ಲಿದೆ. ಬೇರೆ ಧರ್ಮದವರನ್ನು ಮದುವೆಯಾಗುವವರು ಮೊದಲು ಪಾಸ್ಟರ್ ಹತ್ತಿರ ಕೂತು ಮಾತಾಡಿ. 1954ರ ವಿಶೇಷ ವಿವಾಹ ಕಾಯ್ದೆಯ ದಾರಿಯೂ ಇದೆ, ಅದಕ್ಕೆ 30 ದಿನಗಳ ನೋಟಿಸು ಬೇಕು.

ವರದಕ್ಷಿಣೆಯ ಮಾತು ನಡೆದ ಮದುವೆಯ ಪ್ರಕಟಣೆ ಓದುವುದು ನನಗೆ ಕಷ್ಟ. ಓದಿದ್ದೇನೆ, ಗೊತ್ತಾಗದೆ. ಗೊತ್ತಾದರೆ ಓದುವುದಿಲ್ಲ.

ಸಾವಾದರೆ ಮೊದಲು ಯಾರಿಗೆ ಹೇಳಬೇಕು?

ನಿಮ್ಮೂರಿನ ಸಭಾ ಹಿರಿಯರಿಗೆ, ಎಷ್ಟು ಹೊತ್ತಾಗಿದ್ದರೂ ಸರಿ. ಅವರು ಗಂಟೆ ಬಾರಿಸುತ್ತಾರೆ. ಸಾವಿನ ಗಂಟೆ ಬೇರೆ ಥರ, ಒಂದೊಂದೇ ಪೆಟ್ಟು, ನಡುವೆ ಬಹಳ ಬಿಡುವು. ಕೇಳಿದೊಡನೆ ಊರಿನ ಎಲ್ಲ ಜಾತಿಯವರೂ "ಯಾರು?" ಎಂದು ಬಾಗಿಲಿಗೆ ಬರುತ್ತಾರೆ.

ಅಂದು ಶವದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ರೊಟ್ಟಿ, ಚಹಾ ಬೇರೆ ಮನೆಗಳಿಂದ ಬರುತ್ತವೆ. ಕುಣಿ ತೋಡುವುದು ಐದೂ ಊರಿನ ಯುವಕರ ಕೆಲಸ, ಕೂಲಿ ಕೊಟ್ಟು ತೋಡಿಸುವ ಪದ್ಧತಿ ನಮ್ಮಲ್ಲಿಲ್ಲ. ಎರೆ ನೆಲದಲ್ಲಿ ಇದು ಸುಲಭವಲ್ಲ. ಬೇಸಿಗೆಯಲ್ಲಿ ನೆಲ ಬಿರಿದು ಕಲ್ಲಿನ ಹಾಗೆ ಆಗಿರುತ್ತದೆ, ಹಾರೆ ಹಾಕಿದರೆ ಚಿಮ್ಮುತ್ತದೆ. ಹಿಂದಿನ ರಾತ್ರಿಯೇ ಕೊಡಗಳಲ್ಲಿ ನೀರು ಸುರಿದು ನೆನೆಸಬೇಕು. ಮಳೆಗಾಲದಲ್ಲಿ ತೋಡಿದಷ್ಟೂ ಬದಿ ಕುಸಿಯುತ್ತದೆ, ಮಣ್ಣು ಸಲಿಕೆಗೆ ಅಂಟಿ ಬಿಡುವುದೇ ಇಲ್ಲ, ಒಬ್ಬ ತೋಡಿದರೆ ಇನ್ನೊಬ್ಬ ಕೋಲಿನಿಂದ ಸಲಿಕೆ ಕೆರೆಯುತ್ತ ನಿಲ್ಲಬೇಕು. ನನ್ನ ಅಪ್ಪ ತೀರಿಕೊಂಡದ್ದು ಆಷಾಢದಲ್ಲಿ. ಕುಣಿಯಲ್ಲಿ ನೀರು ಒಸರುತ್ತಿತ್ತು. ಹುಡುಗರು ತಾವು ಹೊದ್ದಿದ್ದ ಗೋಣಿಚೀಲಗಳನ್ನು ತಳದಲ್ಲಿ ಹಾಸಿ, ಮಳೆಯಲ್ಲಿ ನೆನೆಯುತ್ತ ನಿಂತರು. ಅವರಲ್ಲಿ ಇಬ್ಬರು ಬೇರೆ ಊರಿನವರು, ಅಪ್ಪನನ್ನು ಒಮ್ಮೆಯೂ ಮಾತಾಡಿಸಿದವರಲ್ಲ.

ಎರಡು ಊರಲ್ಲಿ ಸಮಾಧಿ ಭೂಮಿಗೆ ಸರಿಯಾದ ದಾರಿ ಇಲ್ಲ. ದಾರಿಗಾಗಿ ಸಂಬಂಧಪಟ್ಟ ಕಚೇರಿಗೆ ಅರ್ಜಿ ಕೊಟ್ಟು ವರ್ಷಗಳಾದವು, ಇನ್ನೂ ಓಡಾಡುತ್ತಿದ್ದೇವೆ. ಸದ್ಯ ಪಕ್ಕದ ಹೊಲದವರು ಬೆಳೆ ನಿಂತಿದ್ದರೂ ಬದು ಬಿಟ್ಟುಕೊಡುತ್ತಾರೆ. ಅವರ ಉಪಕಾರ ಮರೆಯುವಂಥದ್ದಲ್ಲ.

ಸುಗ್ಗಿ ಹಬ್ಬ ಎಂದರೇನು? ಲಿಲಾವಿನಲ್ಲಿ (ಹರಾಜಿನಲ್ಲಿ) ಒಂದು ಕುಂಬಳಕಾಯಿಗೆ ಅಷ್ಟು ದುಡ್ಡು ಯಾಕೆ?

ಹಿಂಗಾರಿ ಜೋಳ, ಕಡಲೆ ಮನೆಗೆ ಬಂದ ಮೇಲೆ ಮೊದಲ ಫಲವನ್ನು ದೇವರ ಮುಂದೆ ತಂದಿಡುವ ಹಬ್ಬ. ಜೋಳದ ತೆನೆ, ಶೇಂಗಾ, ಮೆಣಸಿನಕಾಯಿ, ಹತ್ತಿ, ಕೋಳಿ, ತತ್ತಿ, ಹೊಲ ಇಲ್ಲದವರು ತಾವು ಹೊಲಿದ ಕೌದಿ, ಮಕ್ಕಳು ಹಿತ್ತಲಿನ ನಾಲ್ಕು ಟೊಮ್ಯಾಟೊ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು.

ಕುಂಬಳಕಾಯಿಯ ಸಂಗತಿ ಹೀಗೆ. ಒಬ್ಬರು ಕೂಗಿ ಹಿಡಿಯುತ್ತಾರೆ, ದುಡ್ಡು ಕೊಡುತ್ತಾರೆ, ಕಾಯಿಯನ್ನು ತಿರುಗಿ ಮೇಜಿನ ಮೇಲೆ ಇಡುತ್ತಾರೆ. ಮತ್ತೆ ಕೂಗು. ಒಂದೇ ಕಾಯಿ ಏಳೆಂಟು ಕೈ ದಾಟುತ್ತದೆ. ಕೊನೆಗೆ ಹಿಡಿದವರು ಅದನ್ನು ಊರಿನ ಯಾವುದಾದರೂ ಮುದುಕಿಯ ಮನೆಗೆ ಕಳಿಸುತ್ತಾರೆ. ಅದಕ್ಕೆ ಕಾಯಿಯ ಬೆಲೆ ಕಟ್ಟಬೇಡಿ. ಆ ದುಡ್ಡಿನಲ್ಲಿ ಮಕ್ಕಳ ಶಾಲೆ ಫೀ, ಚಾವಣಿಯ ಹೆಂಚು, ಪಾಸ್ಟರ್ ಸಂಬಳದ ನಮ್ಮ ಪಾಲು ಹೋಗುತ್ತದೆ. ಹಬ್ಬ ವರ್ಷಕ್ಕೊಂದು ಊರಲ್ಲಿ, ಐದೂ ಸಭೆಗೆ ಸೇರಿ. ಊಟಕ್ಕೆ ಗೋಧಿ ಹುಗ್ಗಿ, ಬದನೆಕಾಯಿ ಎಣ್ಣೆಗಾಯಿ, ರೊಟ್ಟಿ. ರೊಟ್ಟಿ ತಟ್ಟುವವರು ನಸುಕಿನ ಮೂರಕ್ಕೆ ಕೂರುತ್ತಾರೆ. ಬಂದು ನೋಡಿ, ಹತ್ತು ಒಲೆಗಳ ಸುತ್ತ ತಟ್ಟುವ ಸದ್ದು ಒಂದೇ ತಾಳಕ್ಕೆ ಬೀಳುತ್ತಿರುತ್ತದೆ.

ಮಳೆ ಕೈಕೊಟ್ಟ ವರ್ಷವೂ ಸುಗ್ಗಿ ಹಬ್ಬ ಮಾಡುತ್ತೀರಾ?

ಮಾಡುತ್ತೇವೆ. ಒಣಗಿದ ಜೋಳದ ದಂಟನ್ನೇ ತಂದು ಇಟ್ಟಿದ್ದೇವೆ. ಅಂಥ ವರ್ಷ ಲಿಲಾವು ಇರುವುದಿಲ್ಲ.

ಈಸ್ಟರ್ ತಾರೀಖು ಪ್ರತಿ ವರ್ಷ ಬದಲಾಗುವುದೇಕೆ?

ಅದು ಚಂದ್ರನ ಲೆಕ್ಕ. ಮಾರ್ಚ್ 21 ಅಥವಾ ಅದರ ನಂತರದ ಹುಣ್ಣಿಮೆ ಕಳೆದ ಮೊದಲ ಭಾನುವಾರ ಈಸ್ಟರ್. ನಮ್ಮ ಹಿರಿಯರು ಕ್ಯಾಲೆಂಡರ್ ನೋಡುತ್ತಿರಲಿಲ್ಲ, ಹೋಳಿ ಹುಣ್ಣಿಮೆ ಇಲ್ಲವೇ ದವನದ ಹುಣ್ಣಿಮೆಯಿಂದ ಲೆಕ್ಕ ಹಾಕುತ್ತಿದ್ದರು. 2024ರಲ್ಲಿ ಹೋಳಿ ಹುಣ್ಣಿಮೆ ಕಳೆದು ಮಾರ್ಚ್ 31ಕ್ಕೆ ಬಂತು, 2025ರಲ್ಲಿ ದವನದ ಹುಣ್ಣಿಮೆ ಕಳೆದು ಏಪ್ರಿಲ್ 20ಕ್ಕೆ. ಅದಕ್ಕೂ 46 ದಿನ ಮುಂಚೆ ಬೂದಿ ಬುಧವಾರ. ನಡುವಿನ ಭಾನುವಾರಗಳನ್ನು ಬಿಟ್ಟರೆ ಯೇಸುವಿನ ಯಾತನೆಯನ್ನು ನೆನೆಯುವ ನಲವತ್ತು ದಿನಗಳ ಶ್ರಮೆಯ ಕಾಲ.

ಶುಭ ಶುಕ್ರವಾರ ಮಧ್ಯಾಹ್ನ ಹನ್ನೆರಡರಿಂದ ಮೂರು, ಶಿಲುಬೆಯ ಏಳು ಮಾತುಗಳ ಧ್ಯಾನ. ಏಳು ಮಾತನ್ನು ಏಳು ಜನ ಹೇಳುತ್ತಾರೆ, ಅದರಲ್ಲಿ ಕನಿಷ್ಠ ಮೂವರು ಹೆಣ್ಣುಮಕ್ಕಳು. ಶನಿವಾರ ಸಮಾಧಿಗಳಿಗೆ ಸುಣ್ಣ. ಭಾನುವಾರ ಇನ್ನೂ ಕತ್ತಲಿರುವಾಗ ದೀಪ ಹಿಡಿದು ಸಮಾಧಿ ಭೂಮಿಗೆ ಹೋಗಿ ಪುನರುತ್ಥಾನದ ಹಾಡು ಹಾಡುತ್ತೇವೆ. ಮುಂದೆ ಹೋಗುವವರು ಹೆಣ್ಣುಮಕ್ಕಳು, ಸುವಾರ್ತೆಯಲ್ಲಿ ಯೇಸುವಿನ ಸಮಾಧಿಗೆ ಹೆಣ್ಣುಮಕ್ಕಳೇ ಮೊದಲು ಹೋದ ಹಾಗೆ.

ಕ್ರಿಸ್ಮಸ್ ಕ್ಯಾರಲ್ ನಮ್ಮ ಮನೆಗೂ ಬರುತ್ತದೆಯೇ?

ಕರೆದ ಎಲ್ಲ ಮನೆಗೂ. ಡಿಸೆಂಬರ್ ಮೂರನೆಯ ವಾರದಿಂದ ರಾತ್ರಿ ಒಂದೊಂದು ಊರು. ನಾಯಿಗಳನ್ನು ಕಟ್ಟಿಹಾಕಿ. ಹಬ್ಬದ ದಿನ ಕರ್ಚಿಕಾಯಿ, ಚಕ್ಕುಲಿ, ಶಂಕರಪಾಳಿ ತುಂಬಿದ ತಟ್ಟೆ ನೆರೆಮನೆಗಳಿಗೆ ಹೋಗುತ್ತದೆ. ಡಿಸೆಂಬರ್ 31ರ ರಾತ್ರಿಯ ಆರಾಧನೆ ದೊಡ್ಡ ಊರಿನಲ್ಲಿ, ಐದಕ್ಕೂ ಒಂದೇ.

ನೆರೆಯವರ ಹಬ್ಬಕ್ಕೆ ಹೋಗುತ್ತೀರಾ?

ಹೋಗುತ್ತೇವೆ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದವರು ಬದುವಿನಿಂದಲೇ "ಊಟಕ್ಕ ಬರ್ರಿ" ಎಂದು ಕೂಗಿದರೆ ಯಾರು ತಾನೇ ಕೂರಬಲ್ಲರು? ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ ಉಂಡು ಬರುತ್ತೇವೆ. ಪೂಜೆಯಲ್ಲಿ ನಾವು ಕೈ ಜೋಡಿಸುವುದಿಲ್ಲ, ಅದು ಅವರಿಗೂ ಗೊತ್ತು, ಅದನ್ನು ಅವರು ಒತ್ತಾಯಿಸಿದ್ದೂ ಇಲ್ಲ. ಪ್ರಸಾದ ತಿನ್ನಬಹುದೇ ಎಂಬುದರಲ್ಲಿ ನಮ್ಮೊಳಗೇ ಎರಡು ಅಭಿಪ್ರಾಯ ಇದೆ. ಬೈಬಲಿನಲ್ಲಿ ಪೌಲನು ಕೊರಿಂಥದ ಸಭೆಯವರಿಗೆ ಪತ್ರ ಬರೆದಾಗಲೂ ಇದೇ ಪ್ರಶ್ನೆ ಇತ್ತು. ಅವರವರ ಮನಸ್ಸಾಕ್ಷಿಗೆ ಬಿಟ್ಟಿದ್ದೇವೆ.

ಸಭೆಯೊಳಗೆ ಜಾತಿ ಇದೆಯೇ?

ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಸಂಬಂಧ ನೋಡುವಾಗ "ಅವರು ಮೊದಲು ಯಾರು?" ಎಂಬ ಪಿಸುಮಾತು ಇನ್ನೂ ಕೇಳುತ್ತದೆ. ಒಂದು ಕಾಲಕ್ಕೆ ಕರ್ತನ ಭೋಜನದ ಒಂದೇ ಪಾತ್ರೆಗೆ ಬಾಯಿಡಲು ಹಿಂಜರಿದವರಿದ್ದರು ಎಂದು ನನ್ನ ಅಜ್ಜಿ ಹೇಳುತ್ತಿದ್ದಳು. ಈಗ ಆ ಪಾತ್ರೆಯ ಮುಂದೆ ಯಾರೂ ಹಿಂಜರಿಯುವುದಿಲ್ಲ. ಮದುವೆಯ ಚಪ್ಪರದಲ್ಲೂ ಹಿಂಜರಿಯದ ದಿನ ಬರಬೇಕು. ಇದನ್ನು ಪ್ರಸಂಗಪೀಠದಿಂದ ಹೇಳುತ್ತಲೇ ಇದ್ದೇವೆ.

ಸರ್ಕಾರದ ಮೀಸಲಾತಿ ಬಗ್ಗೆಯೂ ಕೇಳುತ್ತಾರೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಮೊದಲು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತ ದಲಿತರು ಹೊರಗೇ ಉಳಿದಿದ್ದಾರೆ. ಊರಿನಲ್ಲಿ ಅವಮಾನ ಮಾಡುವವರು ಧರ್ಮ ಕೇಳಿ ಮಾಡುವುದಿಲ್ಲ, ಸೌಲಭ್ಯ ಕೊಡುವಾಗ ಮಾತ್ರ ಧರ್ಮ ಕೇಳುತ್ತಾರೆ. ಇದು ನ್ಯಾಯವಲ್ಲ ಎಂದು ನಾನು ನಂಬಿದ್ದೇನೆ.

ಹಿಡಿ ಜೋಳ ಎಂದರೇನು? ಕಾಣಿಕೆ ಎಷ್ಟು ಕೊಡಬೇಕು?

ರೊಟ್ಟಿಗೆ ಜೋಳ ತೆಗೆಯುವಾಗ ಪ್ರತಿದಿನ ಒಂದು ಹಿಡಿಯನ್ನು ಬೇರೆ ಡಬ್ಬಿಗೆ ಹಾಕುವುದು. ತಿಂಗಳ ಕೊನೆಗೆ ಮಹಿಳಾ ಅನ್ಯೋನ್ಯತೆಯವರು, ಅಂದರೆ ಸಭೆಯ ಹೆಣ್ಣುಮಕ್ಕಳ ಸಂಘದವರು, ಮನೆಮನೆಗೆ ಬಂದು ಸಂಗ್ರಹಿಸುತ್ತಾರೆ. ಮಿಜೋರಾಂನ ಸಭೆಗಳಲ್ಲಿ ಹಿಡಿ ಅಕ್ಕಿಯಿಂದ ಎಷ್ಟು ದೊಡ್ಡ ಕೆಲಸಗಳಾಗಿವೆ ಎಂದು ನೋಡಿದರೆ ಈ ಡಬ್ಬಿಯನ್ನು ಸಣ್ಣದೆನ್ನಲಾಗದು. ನಮ್ಮಲ್ಲಿ ಆ ಜೋಳ ಮೊದಲು ಒಂಟಿ ಮುದುಕರ ಮನೆಗೆ, ಗುಳೆ ಹೋದವರು ಅಜ್ಜಿಯ ಹತ್ತಿರ ಬಿಟ್ಟುಹೋದ ಮಕ್ಕಳಿಗೆ ಹೋಗುತ್ತದೆ. ಕ್ರೈಸ್ತರಿಗೆ ಮಾತ್ರ ಎಂಬ ನಿಯಮ ಇಲ್ಲ.

ಕಾಣಿಕೆಗೆ ದರ ಇಲ್ಲ. ಕೆಲವರು ದಶಮಾಂಶ, ಅಂದರೆ ಆದಾಯದ ಹತ್ತನೆಯ ಒಂದು ಪಾಲು, ಕೊಡುತ್ತಾರೆ, ಕೆಲವರು ಮುಷ್ಟಿ ಮುಚ್ಚಿ ಐದು ರೂಪಾಯಿ. ಯಾರು ಎಷ್ಟು ಕೊಟ್ಟರು ಎಂದು ಸಭೆಯಲ್ಲಿ ಓದುವ ಪದ್ಧತಿಯನ್ನು ನಾವು ನಿಲ್ಲಿಸಿದೆವು. ಅದು ಬಡವರನ್ನು ಹಿಂದಿನ ಸಾಲಿಗೆ ತಳ್ಳುತ್ತಿತ್ತು.

ದುಡ್ಡಿನ ಲೆಕ್ಕ ಯಾರು ನೋಡುತ್ತಾರೆ? ಜಾಗ ಯಾರದು?

ಆರಾಧನೆ ಮುಗಿದ ಕೂಡಲೇ ಇಬ್ಬರು ಎಣಿಸಿ ಸಹಿ ಹಾಕುತ್ತಾರೆ, ಒಬ್ಬರೇ ಎಂದೂ ಎಣಿಸುವುದಿಲ್ಲ. ಐದೂ ಸಭೆಗಳನ್ನು ನೋಡಿಕೊಳ್ಳುವ ಪಾಸ್ಟರೇಟ್ ಕಮಿಟಿಯಲ್ಲಿ ಐದೂ ಊರಿನವರಿದ್ದಾರೆ, ವರ್ಷಕ್ಕೊಮ್ಮೆ ಲೆಕ್ಕ ಓದುತ್ತೇವೆ. ದೇವಾಲಯದ ಜಾಗ ಟ್ರಸ್ಟಿನ ಹೆಸರಿನಲ್ಲಿದೆ. ಊರಿನ ಸಭೆಯಾಗಲೀ ಪಾಸ್ಟರಾಗಲೀ ಮಾರುವಂತಿಲ್ಲ. ಯಾರಾದರೂ ಮಾರುತ್ತೇವೆಂದು ಬಂದರೆ ಮುಂಗಡ ಕೊಡಬೇಡಿ.

ಮಕ್ಕಳಿಗೆ ಏನಿದೆ?

ಸಂಡೇ ಸ್ಕೂಲ್, ಬೇಸಿಗೆಯಲ್ಲಿ ಹತ್ತು ದಿನ ವಿಬಿಎಸ್, ಅಂದರೆ ರಜೆಯ ಬೈಬಲ್ ಶಾಲೆ. ಕಲಿಸುವವರು ಸಾಲುತ್ತಿಲ್ಲ, ಹತ್ತನೆ ಪಾಸಾದ ಯಾರು ಬೇಕಾದರೂ ಬರಬಹುದು.

ಏಳು ಮನೆಗೆ ಒಂದು ಚರ್ಚು ಯಾಕೆ? ಎಲ್ಲವನ್ನೂ ದೊಡ್ಡ ಊರಿಗೆ ಸೇರಿಸಬಾರದೇ?

ಕಮಿಟಿಯಲ್ಲಿ ಪ್ರತಿ ವರ್ಷ ಈ ಮಾತು ಬರುತ್ತದೆ, ಹೇಳುವವರು ಕೆಟ್ಟವರಲ್ಲ. ಟೆಂಪೊ ಮಾಡಿದರೆ ಎಲ್ಲರನ್ನೂ ಒಂದೇ ಕಡೆ ತರಬಹುದು, ಪಾಸ್ಟರಿಗೂ ವಿಶ್ರಾಂತಿ, ಹಾಡಿಗೂ ದನಿ ಸೇರುತ್ತದೆ. ಒಂದು ಬೇಸಿಗೆ ಎರಡು ತಿಂಗಳು ಹಾಗೇ ಮಾಡಿ ನೋಡಿದೆವು. ಟೆಂಪೊ ಹತ್ತಿದವರು ಗಟ್ಟಿಮುಟ್ಟಾದವರು. ಮುದುಕರು ಹತ್ತಲಿಲ್ಲ. ಬಾಣಂತಿಯರು ಹತ್ತಲಿಲ್ಲ. ಕುಡಿಯುವ ಗಂಡನಿಂದ ಒಂದು ತಾಸು ಬಿಡಿಸಿಕೊಂಡು ಪಕ್ಕದ ಬೀದಿಯ ದೇವಾಲಯಕ್ಕೆ ಓಡಿಬರುತ್ತಿದ್ದ ಹೆಣ್ಣುಮಗಳಿಗೆ ಅರ್ಧ ದಿನ ಊರು ಬಿಡಲಾಗಲಿಲ್ಲ. ಯಾರು ಬರಬೇಕಿತ್ತೋ ಅವರೇ ತಪ್ಪಿಹೋದರು. ಮೂರನೆಯ ತಿಂಗಳು ಬೀಗ ತೆಗೆದೆವು. ನಾನು ಇರುವವರೆಗೆ ಆ ಏಳು ಮನೆಯ ಚರ್ಚು ಮುಚ್ಚಲು ಕೈ ಎತ್ತುವುದಿಲ್ಲ.

ಊರು ಬಿಟ್ಟು ಬಹಳ ದಿನವಾಯಿತು. ನಾನೇನು ಮಾಡಬಹುದು?

ದುಡ್ಡು ಕಳಿಸುವವರಿದ್ದಾರೆ, ಅವರಿಗೆ ಕೃತಜ್ಞತೆ. ಆದರೆ ನಮಗೆ ಹೆಚ್ಚು ಬೇಕಾದದ್ದು ನಿಮ್ಮ ಒಂದು ಭಾನುವಾರ. ಹಬ್ಬಕ್ಕಲ್ಲದ ಒಂದು ಭಾನುವಾರ, ಪಾಸ್ಟರ್ ಬರದ ದಿನ, ಬಂದು ಒಂದು ಪಾಠ ಓದಿ. ನಿಮ್ಮ ಅವ್ವ ಕೂರುತ್ತಿದ್ದ ಜಾಗದಲ್ಲಿ ಕೂತುಕೊಳ್ಳಿ.

ದೇವಾಲಯದ ಬೀಗದಕೈ ಎಲ್ಲಿ ಸಿಗುತ್ತದೆ?

ನಾಲ್ಕು ಊರಲ್ಲಿ ಸಭಾ ಹಿರಿಯರ ಮನೆಯಲ್ಲಿ. ಏಳು ಮನೆಯ ಊರಲ್ಲಿ ಎಲ್ಲರೂ ಬೆಳಿಗ್ಗೆ ಹೊಲಕ್ಕೆ ಹೋಗುವುದರಿಂದ ಎದುರಿನ ಕಿರಾಣಿ ಅಂಗಡಿಯ ಚಾಚಾರ ಹತ್ತಿರ, ತಕ್ಕಡಿಯ ಹಿಂದಿನ ಮೊಳೆಗೆ ತೂಗುಹಾಕಿರುತ್ತದೆ. ಕೇಳಿದರೆ ಕೊಡುತ್ತಾರೆ. ಭಾನುವಾರ ಬೇಗ ಬಂದರೆ ಕಸಬರಿಗೆ ಬಾಗಿಲ ಹಿಂದೆ ಇದೆ, ಜಮಖಾನೆ ಒಬ್ಬರಿಗೆ ಎತ್ತಲಾಗದು, ಚಾಚಾರ ಮಗನನ್ನು ಕರೆಯಿರಿ.